ತಗಡಿಗೆ ಬೆನ್ನು ಕೊಟ್ಟ ಪ್ಯಾನೆಲ್

"ಅಲ್ಲಪ್ಪಾ, ಮೊಳಕಾಲ್ಮೂರಿನ ಬೀಗರದ್ದೂ ಅದೇ ಕಂಪನಿ, ಅದೇ ಅಳತೆ, ಎರಡು ಮುಖದ ಪ್ಯಾನೆಲ್ಲು. ಅವರಿಗೆ ಜಾಸ್ತಿ ಕರೆಂಟು, ನಮಗೆ ಕಮ್ಮಿ. ಅವರೂರಿನ ಸೂರ್ಯ ಬೇರೆನಾ?"

ಬೇಲಿಯಾಚೆ ಮಾವನ ಹೊಟ್ಟೆ ಉರಿಯುತ್ತಿದ್ದುದು ಯೂನಿಟ್ಟಿಗಲ್ಲ, ಬೀಗರಿಗೆ.

"ಸೂರ್ಯ ಒಬ್ಬನೇ ಮಾವ. ಕೂರಿಸಿದ್ದು ಬೇರೆ. ನೆಲಕ್ಕೆ ಬಿದ್ದು ಮೇಲಕ್ಕೆ ಚಿಮ್ಮೋ ಬೆಳಕನ್ನ ಹಿಂಬದಿ ಹಿಡೀಬೇಕು. ನೀವು ತಗಡಿನ ಮೇಲೆ ನಾಲ್ಕು ಬೆರಳು ಸಂದಿ ಬಿಟ್ಟು ಮಲಗಿಸಿದ್ದೀರಿ. ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಚಳ್ಳಕೆರೆ ಬಿಸಿಲಿಗೆ ಪ್ಯಾನೆಲ್ ಕಾದಷ್ಟೂ ಕರೆಂಟು ಇಳಿಯುತ್ತೆ."

"ಅವರೇನು ಮಾಡವ್ರೆ?"

"ತಾರಸಿ ಮೇಲೆ ಸೊಂಟದೆತ್ತರ ಸ್ಟ್ಯಾಂಡು, ಕೆಳಗೆ ಬಿಳಿ ಪೇಂಟು. ಹೊಸ ಬಿಳಿ ಬಣ್ಣ ಬಿದ್ದ ಬೆಳಕಿನಲ್ಲಿ ಶೇಕಡ 70ರಷ್ಟು ವಾಪಸ್ ಕೊಡುತ್ತೆ. ನಮ್ಮ ಎರೆಹೊಲ ಕೊಡೋದು 10ರ ಆಸುಪಾಸು, ಕೆಂಪು ಮಸಾರಿ 20ರ ಆಸುಪಾಸು. ಧೂಳು ಕೂತರೆ ಬಿಳೀ ತಾರಸಿಯೂ ಮಸಾರಿಯೇ, ಆಗಾಗ ತೊಳೀಬೇಕು."

"ಹಂಗಾದ್ರೆ ದುಪ್ಪಟ್ಟು ಬರುತ್ತಾ?"

"ಅದು ಮಾರೋರ ಲೆಕ್ಕ! ಹಿಂಬದಿ ಮುಂಬದಿಯಷ್ಟು ಚುರುಕಲ್ಲ. ಅದೇ ಬೆಳಕು ಬಿದ್ದರೂ ಪರ್ಕ್ ಅನ್ನೋ ಹಳೇ ಜಾತಿಯ ಸೆಲ್ಲಿನಲ್ಲಿ ಶೇಕಡ 70, ಟಾಪ್‌ಕಾನ್ ಅನ್ನೋ ಈಗಿನ ಜಾತಿಯದರಲ್ಲಿ 80ರಷ್ಟು ಕೆಲಸ. ಬೀಳೋ ಬೆಳಕೇ ಕಮ್ಮಿಯಲ್ಲವಾ? ಸಾಧಾರಣ ನೆಲದ ಮೇಲೆ ಕೈಗೆ ಸಿಗೋ ಲಾಭ ನೂರಕ್ಕೆ ಐದರಿಂದ ಹತ್ತು, ಬಿಳಿ ನೆಲವಾದರೆ ಇನ್ನೊಂದಿಷ್ಟು."

"ನಾನು ಆಳೆತ್ತರ ಏರಿಸ್ತೀನಿ ಬಿಡು."

"ಮೊದಲ ಮೂರಡಿಗೆ ಸಿಗೋ ಲಾಭ ಆಮೇಲಿನ ಮೂರಡಿಗೆ ಇಲ್ಲ. ಕಬ್ಬಿಣದ ಖರ್ಚು ಮಾತ್ರ ಏರುತ್ತೆ. ಆಷಾಢದ ಗಾಳಿ ಬೇರೆ ಐತೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ಶೋಕಿಗೆ ನೆಟ್ಟಿಲ್ಲ. ಇನ್ನೊಂದು, ಸೆಲ್ಲುಗಳ ಬೆನ್ನಿಗೇ ಕಬ್ಬಿಣದ ಪಟ್ಟಿ ಹಾಯಿಸಬೇಡಿ, ನೆರಳು ಬೀಳುತ್ತೆ. ಸ್ಟ್ಯಾಂಡಿನ ಕೆಳಗೆ ಶೇಂಗಾ ಮೂಟೆ ಒಟ್ಟೋದೂ ಬೇಡ."

ಮಾವನ ಮುಖ ಸಣ್ಣದಾಯಿತು. ಮನೆಯಲ್ಲಿ ನೆರಳಿರುವ ಜಾಗವೆಲ್ಲ ಮೂಟೆಯ ಜಾಗ, ಚಳ್ಳಕೆರೆಯ ಕಾಯಿದೆ ಅದು.

"ತಗಡು ಬಿಟ್ಟು, ಇದೇ ಬೇಲಿಗೆ ನೆಟ್ಟಗೆ ನಿಲ್ಲಿಸಿದರೆ?" ಎಂದರು.

ಜರ್ಮನಿಯ ಹೊಲಗಳಲ್ಲಿ ಹಾಗೆ ನಿಲ್ಲಿಸಿದ್ದಾರೆ. ಒಂದು ಮುಖ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಬೆಳಗ್ಗೆ, ಸಂಜೆ ಜೋರು, ಧೂಳೂ ಕಡಿಮೆ ನಿಲ್ಲುತ್ತದೆ. ನಮ್ಮದು 14 ಡಿಗ್ರಿ ಅಕ್ಷಾಂಶದ ಊರು. ಮಧ್ಯಾಹ್ನದ ನೆತ್ತಿಯ ಬಿಸಿಲೇ ಆಸ್ತಿ, ನಿಂತ ಪ್ಯಾನೆಲ್ಲಿಗೆ ಅದೇ ತಪ್ಪಿಹೋಗುತ್ತದೆ. ದಕ್ಷಿಣಕ್ಕೆ ತುಸು ಓರೆಯಾಗಿ ಇಡುವುದೇ ಮೇಲು.

ಇಷ್ಟನ್ನೂ ನಾನು ವಿವರಿಸುವಷ್ಟರಲ್ಲಿ ಒಳಗಿಂದ ಅತ್ತೆ ಕೂಗಿದರು: "ಬೇಲಿ ಮುಟ್ಟಿ ನೋಡ್ರೀ! ನನ್ನ ಸೀರೆ ಒಣಗಿಸೋದೆಲ್ಲಿ, ಬೀಗರ ತಾರಸಿ ಮೇಲಾ?"