ಬಡಾವಣೆಯ ಆಪ್‌ಕರ್ತ

ಅಕ್ಕಪಕ್ಕದವರನ್ನೆಲ್ಲ ಒಗ್ಗೂಡಿಸಬೇಕೆಂಬ ಹಂಬಲವಿದ್ದು, ಅಕ್ಕಪಕ್ಕದವರ ಹೆಸರು ಮಾತ್ರ ಗೊತ್ತಿಲ್ಲದ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಡಾವಣೆಯ ಆಪ್‌ಕರ್ತ ಎನ್ನಬಹುದು. ವಯಸ್ಸು ಮೂವತ್ತೈದರಿಂದ ನಲವತ್ತೈದು. ಬೆಂಗಳೂರಿನ ಜೆ.ಪಿ. ನಗರ, ಎಚ್‌ಎಸ್‌ಆರ್ ಲೇಔಟ್, ರಾಜರಾಜೇಶ್ವರಿ ನಗರಗಳಲ್ಲಿ ಈ ಜಾತಿ ಹೇರಳ. ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ಬಂದ ಮೇಲೆ ಮೈಸೂರಿನ ಕುವೆಂಪುನಗರ, ಹುಬ್ಬಳ್ಳಿಯ ವಿದ್ಯಾನಗರಗಳಲ್ಲೂ ಕಾಣಿಸಿಕೊಳ್ಳುತ್ತಿದೆ. ಅಪಾರ್ಟ್‌ಮೆಂಟುಗಳಲ್ಲಿ ಅಪರೂಪ. ಅಲ್ಲಿ ಗೇಟಿನ ಕಾರುಬಾರನ್ನು 2016ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೈಗೇಟ್‌ನಂಥ ಆಪ್‌ಗಳು ಆಗಲೇ ವಹಿಸಿಕೊಂಡಿವೆ. ಹಾಗಾಗಿ ಅವನ ಪಾಲಿಗೆ ಉಳಿದಿರುವುದು ಮೂವತ್ತು-ನಲವತ್ತರ ಸೈಟುಗಳಿರುವ ಕ್ರಾಸ್ ರಸ್ತೆಗಳು.

ಇವನ ಉಗಮಕ್ಕೆ ಬಹುಮಟ್ಟಿಗೆ ಒಂದೇ ಕಾರಣ: ಯಾರೋ ಅವನ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿರುತ್ತಾರೆ. ಯಾರದೆಂದು ತಿಳಿಯಲು ಎದುರುಮನೆಯ ಬೆಲ್ ಒತ್ತಿದರೆ ಸಾಕು, ಏಕೆಂದರೆ ಕಾರು ಎದುರುಮನೆಯವರದೇ. ಆದರೆ ಬೆಲ್ ಒತ್ತಿದರೆ ಬಾಗಿಲು ತೆರೆಯುತ್ತದೆ, ಬಾಗಿಲು ತೆರೆದರೆ ಮಾತಾಡಬೇಕಾಗುತ್ತದೆ. ಆ ಪ್ರಸಂಗವನ್ನು ತಪ್ಪಿಸಿಕೊಂಡು ಕ್ಯಾಬ್ ಹತ್ತಿದವನಿಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಚಿಂತನೆಗೆ ಬೇಕಾದಷ್ಟು ಸಮಯ ಸಿಗುತ್ತದೆ. ಸಮಸ್ಯೆ ಕಾರಿನದಲ್ಲ, ಸಮುದಾಯ ಪ್ರಜ್ಞೆಯದು ಎಂದು ಅಲ್ಲೇ ಹೊಳೆಯುತ್ತದೆ. ಮಡಿವಾಳ ದಾಟುವ ಹೊತ್ತಿಗೆ ಆಪ್‌ಗೆ ಹೆಸರೂ ಸಿದ್ಧ. ಮೆಟ್ರೋದಿಂದ ಕ್ಲಿನಿಕ್‌ವರೆಗೆ ಎಲ್ಲವೂ ‘ನಮ್ಮ’ ಆಗಿರುವ ಊರಿನಲ್ಲಿ ಬೇರೆ ಅಕ್ಷರದಿಂದ ಹೆಸರು ಶುರುಮಾಡುವ ಧೈರ್ಯ ಯಾವ ಆಪ್‌ಕರ್ತನಿಗೂ ಇಲ್ಲ.

ಬಡಾವಣೆಗೆ ವಾಟ್ಸ್‌ಆ್ಯಪ್ ಗುಂಪೊಂದು ಇದ್ದೇ ಇರುತ್ತದೆ. ಗುಂಪಿನ ಮಿತಿ ಮೊದಲು 256 ಇತ್ತು. 2022ರಲ್ಲಿ 512 ಆಗಿ, ಅದೇ ವರ್ಷ 1024ಕ್ಕೇರಿದ್ದರಿಂದ ಹತ್ತಾರು ಕ್ರಾಸುಗಳು ಅದರಲ್ಲಿ ಹಿಡಿಸುತ್ತವೆ. ಕಾವೇರಿ ನೀರು ಇವತ್ತೋ ನಾಳೆಯೋ, ಕರೆಂಟು ಎಲ್ಲರ ಮನೆಯಲ್ಲೂ ಹೋಗಿದೆಯೋ ತಮ್ಮ ಮನೆಯಲ್ಲಿ ಮಾತ್ರವೋ, ಬೆಸ್ಕಾಂನ 1912ಕ್ಕೆ ಯಾರಾದರೂ ಫೋನ್ ಮಾಡಿದರೋ ಎಂಬುದೆಲ್ಲ ಅಲ್ಲೇ ಇತ್ಯರ್ಥವಾಗುತ್ತದೆ, ನಡುನಡುವೆ ಗುಲಾಬಿ ಹೂವಿನ ಶುಭೋದಯಗಳೊಂದಿಗೆ. ಆಪ್‌ಕರ್ತ ಈ ಗುಂಪನ್ನು ಶಾಶ್ವತವಾಗಿ ಮ್ಯೂಟ್ ಮಾಡಿಟ್ಟು, ಬಡಾವಣೆಯಲ್ಲಿ ಮಾಹಿತಿ ಸರಿಯಾಗಿ ಹರಿಯುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದಿರುತ್ತಾನೆ.

ಮುಂದಿನದು ಅಧ್ಯಯನದ ಘಟ್ಟ. 2011ರಲ್ಲಿ ಅಮೆರಿಕದಲ್ಲಿ ಶುರುವಾಗಿ ಅಲ್ಲಿನ ನೆರೆಹೊರೆಗಳಲ್ಲಿ ಬೇರೂರಿದ ನೆಕ್ಸ್ಟ್‌ಡೋರ್ ಅವನ ಸ್ಲೈಡುಗಳಲ್ಲಿ ಅಗ್ರಸ್ಥಾನ ಪಡೆಯುತ್ತದೆ. ಇದೇ ಉದ್ದೇಶದ ನೇಬರ್ಲಿ ಎಂಬ ಆಪ್ ಅನ್ನು ಗೂಗಲ್ 2018ರಲ್ಲಿ ಮುಂಬಯಿಯಲ್ಲಿ ಆರಂಭಿಸಿ, ಬೆಂಗಳೂರಿಗೂ ತಂದು, 2020ರಲ್ಲಿ ಮುಚ್ಚಿತು. ಈ ಸಂಗತಿಗೆ ಸ್ಲೈಡುಗಳಲ್ಲಿ ಜಾಗ ಸಾಲುವುದಿಲ್ಲ.

ಬಳಕೆದಾರರನ್ನು ಅರಿಯಲು ಅವನು ‘ಪರ್ಸೋನಾ’ಗಳನ್ನು ರಚಿಸುತ್ತಾನೆ. ವಿನ್ಯಾಸಕಾರ ಅಲನ್ ಕೂಪರ್ 1999ರ ತಮ್ಮ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದ ಈ ವಿಧಾನದಲ್ಲಿ, ನಿಜವಾದ ಬಳಕೆದಾರರನ್ನು ಮಾತಾಡಿಸಿ, ಅವರ ಆಧಾರದ ಮೇಲೆ ಒಬ್ಬ ಮಾದರಿ ವ್ಯಕ್ತಿಯನ್ನು ಕಟ್ಟಿಕೊಳ್ಳಬೇಕು. ಮೊದಲರ್ಧವನ್ನು ಆಪ್‌ಕರ್ತ ಸಮಯ ಉಳಿಸಲು ಬಿಡುತ್ತಾನೆ. ಅರವತ್ತೇಳು ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಡಿನೋವು, ತೋಟಗಾರಿಕೆಯ ಹವ್ಯಾಸ, ಮಗಳು ಅಮೆರಿಕದಲ್ಲಿ ಎಂದು ರಾತ್ರಿ ಎರಡು ಗಂಟೆಯವರೆಗೆ ಕೂತು ಕಲ್ಪಿಸಿಕೊಳ್ಳುತ್ತಾನೆ. ಅರವತ್ತೇಳು ವರ್ಷದ, ಮಂಡಿನೋವಿನ, ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬೆಳಿಗ್ಗೆ ಆರಕ್ಕೆ ಕಾಂಪೌಂಡಿನಾಚೆ ದಾಸವಾಳಕ್ಕೆ ನೀರು ಹಾಕುವಾಗ ಅವನು ನಿದ್ದೆಯಲ್ಲಿರುತ್ತಾನೆ.

ಆಪ್‌ನಲ್ಲಿ ಏನೇನಿರಬೇಕೆಂಬ ಪಟ್ಟಿಗೆ ಕೊನೆಯಿಲ್ಲ. ರಕ್ತದಾನ, ಬೀದಿನಾಯಿ, ಗಿಡ ನೆಡುವುದು, ಕಳೆದುಹೋದ ಬೆಕ್ಕು, ಗಣೇಶೋತ್ಸವದ ಚಂದಾ, ತುರ್ತು ಗುಂಡಿ. ಕನ್ನಡ ಶೀಘ್ರದಲ್ಲೇ ಬರಲಿದೆ ಎಂಬ ಸೂಚನೆಯೂ ಇರುತ್ತದೆ, ಇಂಗ್ಲಿಷಿನಲ್ಲಿ. ಅವನಿಗೆ ಅತ್ಯಂತ ಪ್ರಿಯವಾದದ್ದು ಎರವಲು ವಿಭಾಗ. ಏಣಿ, ಡ್ರಿಲ್ಲಿಂಗ್ ಮೆಷಿನ್ನುಗಳನ್ನು ಮನಸ್ಸಿನಲ್ಲಿಟ್ಟು ಅವನು ರೂಪಿಸಿದ ಈ ಫಾರಂನಲ್ಲಿ ವಸ್ತುವಿನ ಫೋಟೊ, ಸಂಖ್ಯೆ, ಈಗಿನ ಸ್ಥಿತಿ, ಮರಳಿಸುವ ದಿನಾಂಕ ಎಲ್ಲವೂ ಕಡ್ಡಾಯ. ಬಡಾವಣೆಯ ಮನೆಮನೆಗಳ ನಡುವೆ ನಿಜಕ್ಕೂ ಓಡಾಡುವುದು ಹೆಪ್ಪಿಗೆ ಬೇಕಾದ ಒಂದು ಚಮಚ ಮೊಸರು. ಅದರ ಫೋಟೊ ತೆಗೆಯಬಹುದು. ಮರಳಿಸುವ ದಿನಾಂಕದ ಬಳಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಅವನ ಹೆಂಡತಿ ಹೆಪ್ಪಿಗೂ ಏಣಿಗೂ ಹಿತ್ತಲ ಗೋಡೆಯ ಮೇಲಿಂದ “ರೀ, ಸಾವಿತ್ರಮ್ಮಾ” ಎಂದು ಕೂಗುತ್ತಾಳೆ. ಈ ವ್ಯವಸ್ಥೆ ಇಡೀ ಊರಿಗೆ ಹಿಗ್ಗುವಂಥದ್ದಲ್ಲ ಎಂದು ಅವನು ಅವಳಿಗೆ ವಿವರಿಸಿರುತ್ತಾನೆ.

ಆಪ್‌ನಲ್ಲಿ ಸೇರಿಸಿದ ವಾರ್ಡುಗಳ ಪಟ್ಟಿ ಅವನಿಗೆ ಕೊಡುವ ಕಾಟ ಮಾತ್ರ ಅವನ ತಪ್ಪಲ್ಲ. ಬೆಂಗಳೂರಿನಲ್ಲಿ 198 ಇದ್ದ ವಾರ್ಡುಗಳನ್ನು 2022ರಲ್ಲಿ 243 ಎಂದು ಗುರುತಿಸಿ, 2023ರಲ್ಲಿ 225ಕ್ಕೆ ಇಳಿಸಿ, 2025ರಲ್ಲಿ ನಗರವನ್ನೇ ಐದು ಪಾಲಿಕೆಗಳಾಗಿ ಹಂಚಿದರು. ಪ್ರತಿ ಸಲವೂ ಅವನು ಪಟ್ಟಿಯನ್ನು ಮೊದಲಿನಿಂದ ತಿದ್ದಿದ್ದಾನೆ. ಬಳಸುವವರ ಪ್ರೋತ್ಸಾಹಕ್ಕೆಂದು ಆಪ್‌ನಲ್ಲಿ ಅಂಕ, ಪದಕಗಳೂ ಉಂಟು. ಒಂದು ಜಾಗಕ್ಕೆ ಅತಿ ಹೆಚ್ಚು ಸಲ ಹೋದವನನ್ನು ಅಲ್ಲಿನ ‘ಮೇಯರ್’ ಎಂದು ಕರೆಯುವ ಆಟವನ್ನು 2009ರಲ್ಲಿ ಶುರುವಾದ ಫೋರ್‌ಸ್ಕ್ವೇರ್ ರೂಢಿಗೆ ತಂದಿತ್ತು, ಇವನೂ ಅದನ್ನೇ ಅಳವಡಿಸುತ್ತಾನೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಕಳೆದ ನಗರದಲ್ಲಿ ಪಾರ್ಕಿಗೆ ವಾಕಿಂಗ್ ಹೋಗಿಯೇ ಮೇಯರ್ ಆಗುವ ಅವಕಾಶ ಕಡಿಮೆಯದೇನಲ್ಲ.

ಆಪ್‌ಕರ್ತನ ನಿಜವಾದ ಪರೀಕ್ಷೆ ಆಪ್ ಸಿದ್ಧವಾದ ಮೇಲೆ. ಪ್ಲೇ ಸ್ಟೋರ್‌ನಲ್ಲಿ ಒಮ್ಮೆ 25 ಡಾಲರ್ ಕಟ್ಟಿದರೆ ಖಾತೆ ಸಿಗುತ್ತದೆ. ಆಪಲ್‌ಗೆ ವರ್ಷವರ್ಷವೂ 99 ಡಾಲರ್ ಆದ್ದರಿಂದ ಐಫೋನ್ ಇರುವ ನೆರೆಯವರನ್ನು ಎರಡನೇ ಹಂತಕ್ಕೆ ಬಿಡಲಾಗುತ್ತದೆ. ಆದರೆ 2023ರ ನವೆಂಬರ್ ಮಧ್ಯದಿಂದ ಈಚೆಗೆ ತೆರೆದ ವೈಯಕ್ತಿಕ ಖಾತೆಗಳಿಗೆ ಗೂಗಲ್ ಒಂದು ಷರತ್ತು ಹಾಕಿದೆ. ಆಪ್ ಎಲ್ಲರಿಗೂ ಸಿಗುವ ಮೊದಲು ಕನಿಷ್ಠ 12 ಜನ ಸತತ 14 ದಿನ ಅದರ ಪರೀಕ್ಷಕರಾಗಿರಬೇಕು. ಮೊದಲು ಈ ಸಂಖ್ಯೆ 20 ಇತ್ತು, 2024ರ ಡಿಸೆಂಬರಿನಲ್ಲಿ ಇಳಿಸಿದರು. ಇಳಿಸಿದ್ದೂ ಆಪ್‌ಕರ್ತನಿಗೆ ಎಟುಕುವುದಿಲ್ಲ. ಹೆಂಡತಿ ಒಂದು, ಭಾವಮೈದ ಎರಡು. ಸಹೋದ್ಯೋಗಿಗಳು ತಂತಮ್ಮ ಬಡಾವಣೆಯ ಆಪ್‌ಗೆ ಜನ ಹುಡುಕುತ್ತಿರುತ್ತಾರೆ. ಮಿಕ್ಕ ಹತ್ತಕ್ಕಾಗಿ ಅವನು ಚಪ್ಪಲಿ ಮೆಟ್ಟಿ ಬೀದಿಗಿಳಿಯಬೇಕಾಗುತ್ತದೆ.

ಮೊದಲ ಬೆಲ್ ಎದುರುಮನೆಯದು.

“ಯಾವ ಮನೆಯಪ್ಪ ನಿಮ್ಮದು?”

“ಎದುರುಗಡೇದೇ ಅಂಕಲ್.”

“ಓಹೋ, ಹೊಸದಾಗಿ ಬಂದ್ರಾ?”

“ಆರು ವರ್ಷ ಆಯ್ತು ಅಂಕಲ್.”

ಹೆಂಡತಿಯ ಹೆಸರು ಹೇಳಿದ ಮೇಲೆ ಗುರುತು ಹತ್ತಿ, ಒಳಗೆ ಕರೆದು ಕೂರಿಸಿ, ಕಾಫಿ ಕೊಡುತ್ತಾರೆ. ಪರೀಕ್ಷಕರಾಗಲು ಜೀಮೇಲ್ ವಿಳಾಸ ಬೇಕು. ಅವರಿಗೆ ಮೂರಿವೆ, ಮೂರರ ಪಾಸ್‌ವರ್ಡೂ ಮರೆತುಹೋಗಿದೆ. ಅದನ್ನು ಸರಿಮಾಡಿಕೊಡುವಷ್ಟರಲ್ಲಿ ಉಪ್ಪಿಟ್ಟು ಬರುತ್ತದೆ. ಫೋನಿನ ಅಕ್ಷರ ದೊಡ್ಡದು ಮಾಡಿಸಿಕೊಂಡ ಸುದ್ದಿ ಪಕ್ಕದ ಮನೆಗೆ ಮುಟ್ಟುತ್ತದೆ. ಅಲ್ಲಿನ ಅಜ್ಜಿಗೆ ಮೊಮ್ಮಗಳ ವಿಡಿಯೋ ಕಾಲಿನಲ್ಲಿ ಮುಖ ಕಾಣುತ್ತದೆ, ಧ್ವನಿ ಕೇಳುವುದಿಲ್ಲ. ಇಸ್ತ್ರಿ ಅಂಗಡಿಯವರಿಗೆ ಯಾರು ದುಡ್ಡು ಹಾಕಿದರೆಂದು ಫೋನೇ ಕೂಗಿ ಹೇಳಬೇಕು. ಮೂರನೆಯ ದಿನದ ಮಾತಿನ ನಡುವೆ ಕಾರಿನ ವಿಷಯವೂ ಬರುತ್ತದೆ. ಎದುರುಮನೆಯವರ ಗೇಟಿನ ಬಳಿ ಕಸದ ಗಾಡಿ ನಿಲ್ಲುತ್ತದೆಂದು ಕಾರನ್ನು ಈಚೆ ತಂದಿಟ್ಟಿರುತ್ತಾರೆ. “ಅಯ್ಯೋ, ಹೇಳಬಾರದಿತ್ತೇನಪ್ಪ?” ಎಂದು ಆಗಲೇ ಎದ್ದು ಹೋಗಿ ತೆಗೆಯುತ್ತಾರೆ.

ಆಪ್ ಹುಟ್ಟಲು ಕಾರಣವಾದ ಸಮಸ್ಯೆ ಇಲ್ಲಿಗೆ ಮುಗಿಯಿತಾದರೂ ಆಪ್ ಮುಗಿಯುವುದಿಲ್ಲ. ಈ ಎರಡು ವಾರದಲ್ಲಿ ಆಪ್‌ಕರ್ತನಿಗೆ ಬೀದಿಯ ಅರ್ಧ ಜನ ಪರಿಚಯವಾಗಿ, ಒಂದು ಗೃಹಪ್ರವೇಶದ ಕರೆಯೋಲೆಯೂ ಮಾವಿನಮಿಡಿಯ ಜಾಡಿಯೂ ಮನೆಗೆ ಬಂದಿರುತ್ತವೆ. ಇವನ್ನೆಲ್ಲ ಅವನು ವಿಳಂಬದ ಕಾರಣಗಳು ಎಂಬ ತಲೆಬರಹದಡಿ ದಾಖಲಿಸುತ್ತಾನೆ. ಪರೀಕ್ಷೆ ಮುಗಿದ ಮೇಲೆ ಪರೀಕ್ಷಕರ ಅಭಿಪ್ರಾಯವೇನು ಎಂದು ಗೂಗಲ್ ಕೇಳುತ್ತದೆ. ಬಂದ ಅಭಿಪ್ರಾಯ ಒಂದೇ, “ಆಗಾಗ ಬರ್ತಾ ಇರಪ್ಪ” ಎಂದು. ಬಳಕೆದಾರರು ಮರಳಿ ಬರುವ ಪ್ರಮಾಣ ಆಶಾದಾಯಕವಾಗಿದೆ ಎಂದು ಅವನು ಅದನ್ನು ಬರೆದು ಕಳಿಸುತ್ತಾನೆ.

ಈ ಕುಲದಲ್ಲಿ ಹೆಂಗಸರೂ ಉಂಟು. ಅವರು ಮೊದಲೇ ನಾಲ್ಕು ಮನೆಗೆ ಹೋಗಿ ವಿಚಾರಿಸಿಕೊಂಡು ಬರುವುದರಿಂದ, ಆಪ್ ಮಾಡುವ ಯೋಚನೆಯನ್ನೇ ಕೈಬಿಡುವುದು ಹೆಚ್ಚು.

ಅನುಮತಿ ಸಿಕ್ಕ ದಿನದಿಂದ ಆಪ್‌ಕರ್ತ ಮನೆಯೊಳಗೆ ಸೇರಿಕೊಂಡು ಡ್ಯಾಶ್‌ಬೋರ್ಡ್ ನೋಡತೊಡಗುತ್ತಾನೆ. ಆಪ್‌ನಲ್ಲಿ ಬರುವ ಮೊದಲ ಬರಹ ಅವನದೇ ಸ್ವಾಗತ. ಎರಡನೆಯದು ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆಗಿರುವ ಎರಡು ಕೋಣೆಯ ಮನೆ. ಮೂರನೆಯದು ಕುಳಿತಲ್ಲೇ ತಿಂಗಳಿಗೆ ಲಕ್ಷ ದುಡಿಯುವ ಉಪಾಯ. ಅದನ್ನು ತೆಗೆದುಹಾಕಲು ಅವನು ಕೃತಕ ಬುದ್ಧಿಮತ್ತೆಯನ್ನು ಅಳವಡಿಸುತ್ತಾನೆ, ಅದು ಸ್ವಾಗತವನ್ನು ತೆಗೆದುಹಾಕುತ್ತದೆ. ಎದುರುಮನೆಯವರು ಅಷ್ಟರಲ್ಲಿ ಹುಡುಗ ಯಾಕೋ ಈಚೆಗೆ ಕಾಣುತ್ತಿಲ್ಲ, ಹುಷಾರಾಗಿದ್ದಾನೆಯೇ ಎಂದು ಅವನ ಹೆಂಡತಿಯನ್ನು ಕೇಳಿರುತ್ತಾರೆ. ಹುಷಾರಾಗಿದ್ದಾನೆ, ಒಂದೇ ಬೀದಿಗೆ ಮಾಡಿದ್ದು ತಪ್ಪಾಯಿತು, ಇಡೀ ಕರ್ನಾಟಕಕ್ಕೆ ಮಾಡಬೇಕಿತ್ತು ಎಂದು ಎರಡನೇ ಆವೃತ್ತಿಗೆ ಕೂತಿರುತ್ತಾನೆ.

ಮೊದಲನೆಯ ಆವೃತ್ತಿ ಪ್ಲೇ ಸ್ಟೋರ್‌ನಲ್ಲಿ ಕೆಲಕಾಲ ಹಾಗೇ ಇರುತ್ತದೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಿಗೆ ತಕ್ಕಂತೆ ತಿದ್ದದೆ ಬಿಟ್ಟ ಆಪ್‌ಗಳನ್ನು ಹೊಸ ಫೋನು ಕೊಂಡ ಹೊಸ ಬಳಕೆದಾರರಿಗೆ ಗೂಗಲ್ ತೋರಿಸುವುದಿಲ್ಲ, ಮೊದಲೇ ಇಳಿಸಿಕೊಂಡವರಲ್ಲಿ ಮಾತ್ರ ಅವು ಉಳಿಯುತ್ತವೆ. ಬಡಾವಣೆಯ ಆಪ್‌ಗಳ ಮಟ್ಟಿಗೆ ಇಂಥವರ ಸಂಖ್ಯೆ ಸಾಮಾನ್ಯವಾಗಿ 12.