ಎರೆಮಣ್ಣಿನ ಅಧಿಕೃತ ಹೇಳಿಕೆ

ಎರೆಮಣ್ಣು ಎಂದರೆ ನೆನೆದಾಗ ಉಬ್ಬುವ, ಒಣಗಿದಾಗ ಬಿರಿಯುವ, ಜೇಡಿ ತುಂಬಿದ ಕಪ್ಪು ನೆಲ. ಪಠ್ಯಪುಸ್ತಕಗಳು ಇದನ್ನು ಕಪ್ಪು ಹತ್ತಿ ಮಣ್ಣು ಎನ್ನುತ್ತವೆ. ಮಣ್ಣುವಿಜ್ಞಾನಿಗಳ ಪಟ್ಟಿಯಲ್ಲಿ ಇದು ವರ್ಟಿಸಾಲ್. ಇದೂ ಇದರ ಹತ್ತಿರದ ಬಂಧುಗಳೂ ಸೇರಿ ಭಾರತದ ಸುಮಾರು 7 ಕೋಟಿ ಹೆಕ್ಟೇರ್ ನೆಲವನ್ನು ಆವರಿಸಿವೆ. ಕರ್ನಾಟಕದಲ್ಲಿ ಬೀದರ್, ಕಲಬುರಗಿಗಳಿಂದ ಹಿಡಿದು ಧಾರವಾಡ, ಬಳ್ಳಾರಿಗಳವರೆಗೆ ಇದರ ಹರವು. ಇಲ್ಲಿ ಸಂದರ್ಶನಕ್ಕೆ ಒಪ್ಪಿದ್ದು ವಿಜಯಪುರ ಜಿಲ್ಲೆಯ ಡೋಣಿ ನದಿಯ ಬಯಲಿನ ಎರೆಮಣ್ಣು. ವರ್ಷಗಟ್ಟಲೆ ಸರ್ವೇ ವರದಿಗಳಲ್ಲಿ ಕಾಣಿಸಿಕೊಂಡ ಪರಿಣಾಮವಾಗಿ ಅದು ತನ್ನನ್ನು ಹೆಸರು ಹಿಡಿದೇ ಕರೆದುಕೊಳ್ಳುತ್ತದೆ. ಮಂತ್ರಿಗಳಲ್ಲೂ ಈ ರೂಢಿ ಇರುವುದರಿಂದ ಅದನ್ನು ತಿದ್ದಿಲ್ಲ. ಸಂದರ್ಶನ ನಡೆದದ್ದು ಏಪ್ರಿಲ್‌ನಲ್ಲಿ. ಸೆಪ್ಟೆಂಬರ್‌ನಲ್ಲಾಗಿದ್ದರೆ ಸಂದರ್ಶಕರ ಚಪ್ಪಲಿ ಉತ್ತರದೊಳಗೇ ಉಳಿಯುತ್ತಿತ್ತು.

ಪ್ರಶ್ನೆ: ಮೊದಲಿಗೆ ಮನೆತನದ ವಿಚಾರ. ತಮ್ಮದು ಜ್ವಾಲಾಮುಖಿಯ ವಂಶ ಎಂಬ ಮಾತಿದೆ.

ಎರೆಮಣ್ಣು: ವಿಜಯಪುರದ ಮಟ್ಟಿಗೆ ನಿಜ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಲಾವಾ ಪದರಪದರವಾಗಿ ಹರಿದು ಬಸಾಲ್ಟ್ ಕಲ್ಲಾಯಿತು. ಆ ಕಲ್ಲು ಕಾಲಾಂತರದಲ್ಲಿ ಕೊಳೆತು ಎರೆಮಣ್ಣಾಯಿತು. ಆದರೆ ಈ ವಂಶದ ಹೆಮ್ಮೆಯನ್ನು ಎಲ್ಲ ಎರೆಯೂ ಹೇಳಿಕೊಳ್ಳುವಂತಿಲ್ಲ. ಗದಗ, ರಾಯಚೂರು, ಬಳ್ಳಾರಿ ಕಡೆ ನೈಸ್, ಶಿಸ್ಟ್ ಕಲ್ಲುಗಳಿಂದಲೂ ಎರೆ ಹುಟ್ಟಿದೆ. ಸುಣ್ಣ, ಮೆಗ್ನೀಸಿಯಂ ಇರುವ ಕಲ್ಲು, ಕಡಿಮೆ ಮಳೆ, ನೀರು ಬೇಗ ಬಸಿಯದ ತಗ್ಗು, ಇಷ್ಟು ಕೂಡಿಬಂದರೆ ಯಾವ ಕಲ್ಲಿನ ಮನೆಯಲ್ಲೂ ಎರೆ ಹುಟ್ಟುತ್ತದೆ.

ಪ್ರಶ್ನೆ: ತಗ್ಗೇ ಯಾಕೆ? ಎತ್ತರದ ಸ್ಥಾನ ತಮಗೆ ಸಿಗಲಿಲ್ಲವೇ?

ಎರೆಮಣ್ಣು: ಎತ್ತರದಲ್ಲಿ ನಿಲ್ಲುವ ಶಕ್ತಿ ಎರೆಗಿಲ್ಲ. ದಿನ್ನೆಯ ನೆತ್ತಿಯಲ್ಲಿರುವುದು ಮಡ್ಡಿ. ಅಲ್ಲಿ ಗೇಣುದ್ದ ಮಣ್ಣು, ಕೆಳಗೆ ಗರಸು. ಅಲ್ಲಿ ಸವೆದ ನುಣುಪು ಜೇಡಿ, ಕರಗಿದ ಸುಣ್ಣ, ಉಪ್ಪು ಎಲ್ಲವೂ ಮಳೆನೀರಿನ ಜತೆ ಇಳಿಜಾರಿನಲ್ಲಿ ಇಳಿಯುತ್ತವೆ. ನಡುವಿನಲ್ಲಿ ಎರಡು ಮೂರು ಅಡಿಯ ಮಧ್ಯಮ ಎರೆ, ಹಳ್ಳದ ದಂಡೆಗೆ ಬಂದರೆ ಆಳೆತ್ತರ ಅಗೆದರೂ ಮುಗಿಯದ ಎರೆ. ಒಂದೇ ಊರಿನಲ್ಲಿ ಮೂರು ಮಣ್ಣು. ಸಾಲ, ಪರಿಹಾರ, ವಿಮೆಯ ಕಾಗದದಲ್ಲಿ ಮಾತ್ರ ಮೂರಕ್ಕೂ ಒಂದೇ ಹೆಸರು: ಖುಷ್ಕಿ.

ಪ್ರಶ್ನೆ: ಇಷ್ಟು ಕಪ್ಪಗಿರುವುದರಿಂದ ಫಲವತ್ತತೆಯೂ ಅಷ್ಟೇ ಇರಬೇಕು.

ಎರೆಮಣ್ಣು: ಬಣ್ಣದಿಂದ ಬಂದ ಈ ಗೌರವವನ್ನು ಎರೆಮಣ್ಣು ಇಷ್ಟು ಕಾಲ ನಿರಾಕರಿಸಿಲ್ಲ, ಅಷ್ಟೇ. ಸಾವಯವ ಇಂಗಾಲ ಶೇ. ಅರ್ಧದ ಆಸುಪಾಸು, ಎಷ್ಟೋ ಹೊಲದಲ್ಲಿ ಅದಕ್ಕೂ ಕಡಿಮೆ. ಇರುವಷ್ಟನ್ನು ಜೇಡಿಯ ಕಣಗಳು ಬಿಗಿಯಾಗಿ ಹಿಡಿದುಕೊಂಡು ಕಪ್ಪು ತೋರಿಸುತ್ತವೆ. ಸಾರಜನಕ, ರಂಜಕ, ಸತುವಿಗೆ ಕೊರತೆ. ಪೊಟ್ಯಾಷ್ ಸಾಕಷ್ಟಿದೆ. ಸುಣ್ಣದ ಹರಳು ಬೇಕಾದಷ್ಟಿದ್ದು, ರಸಸಾರ 8ರ ಹಿಂದೆಮುಂದೆ ಇರುವುದರಿಂದ ಹಾಕಿದ ರಂಜಕವೂ ಸುಣ್ಣಕ್ಕೆ ಅಂಟಿ ಕೂರುತ್ತದೆ. ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್‌ಗಳನ್ನು ಹಿಡಿದಿಟ್ಟು ಬೇರಿಗೆ ಕೊಡುವ ಸಾಮರ್ಥ್ಯದಲ್ಲಿ ಮಾತ್ರ ಕೆಂಪು ಮಸಾರಿ ಮಣ್ಣು ಎರೆಯ ಹತ್ತಿರಕ್ಕೂ ಸುಳಿಯದು.

ಪ್ರಶ್ನೆ: ತಮ್ಮ ಮೇಲೆ ಚಂಚಲತೆಯ ಆರೋಪವಿದೆ. ಮಳೆಗಾಲಕ್ಕೊಂದು ಮುಖ, ಬೇಸಿಗೆಗೊಂದು ಮುಖ.

ಎರೆಮಣ್ಣು: ಅದು ಆರೋಪವಲ್ಲ, ವ್ಯಾಖ್ಯೆ. ಎರೆಮಣ್ಣಿನ ಅರ್ಧದಷ್ಟು, ಕೆಲವೆಡೆ ಅರ್ಧಕ್ಕೂ ಹೆಚ್ಚು ಭಾಗ ಜೇಡಿ. ಅದರಲ್ಲಿ ಬಹುಪಾಲು ಸ್ಮೆಕ್ಟೈಟ್ ಎಂಬ ಖನಿಜ. ಇಸ್ಪೀಟ್ ಕಟ್ಟಿನಂತೆ ಹಾಳೆಯ ಮೇಲೆ ಹಾಳೆ ಕೂತ ರಚನೆ ಅದು. ನೀರು ಹಾಳೆಗಳ ನಡುವೆ ನುಗ್ಗಿದರೆ ಕಟ್ಟು ದಪ್ಪವಾಗುತ್ತದೆ, ನೀರು ಹೋದರೆ ತೆಳ್ಳಗಾಗುತ್ತದೆ. ತೆಳ್ಳಗಾದಾಗ ನೆಲ ಬಿರಿಯಬೇಕು, ಬೇರೆ ದಾರಿಯಿಲ್ಲ. ಅರ್ಧ ಮೀಟರ್ ಆಳದಲ್ಲೂ ಬಿರುಕು ಒಂದು ಸೆಂಟಿಮೀಟರ್ ಅಗಲವಿರಬೇಕು ಎಂಬುದು ವರ್ಟಿಸಾಲ್ ಪಂಗಡಕ್ಕೆ ಸೇರಲು ವಿಜ್ಞಾನಿಗಳಿಟ್ಟ ಹಳೆಯ ಅರ್ಹತೆ. ಡೋಣಿ ಬಯಲಿನಲ್ಲಿ ಏಪ್ರಿಲ್ ಹೊತ್ತಿಗೆ ಅಷ್ಟಕ್ಕೇ ನಿಲ್ಲುವ ಬಿರುಕು ಸಣ್ಣದೆಂದೇ ಲೆಕ್ಕ.

ಪ್ರಶ್ನೆ: ಬಿರುಕಿನಿಂದ ಏನಾದರೂ ಉಪಯೋಗವಿದೆಯೇ?

ಎರೆಮಣ್ಣು: ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಉದುರುತ್ತದೆ. ಮಳೆ ಬಂದು ಕೆಳಗೆ ಉಬ್ಬಿದಾಗ ಜಾಗ ಸಾಲದೆ ಮಣ್ಣಿನ ಹೆಂಟೆಗಳು ಒಂದನ್ನೊಂದು ಓರೆಯಾಗಿ ಒತ್ತಿ ಜಾರುತ್ತವೆ. ಮೂರು ಅಡಿ ಗುಂಡಿ ತೋಡಿದರೆ ಆ ತಿಕ್ಕಾಟದಲ್ಲಿ ನುಣುಪಾಗಿ ಹೊಳೆಯುವ ಓರೆ ಮೈಗಳು ಕಾಣುತ್ತವೆ. ಹೀಗೆ ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ. ಎರೆಮಣ್ಣು ತನ್ನನ್ನು ತಾನೇ ಉಳುತ್ತದೆ ಎನ್ನುವುದು ಇದಕ್ಕೇ. ಈ ಉಳುಮೆಗೆ ಇದುವರೆಗೆ ಯಾವ ಇಲಾಖೆಯೂ ಸಹಾಯಧನ ಕೊಟ್ಟಿಲ್ಲ. ನೆನೆದಾಗ ಬೇಕಾದ ಆಕಾರಕ್ಕೆ ಬರುವ ಗುಣದಿಂದ ವರ್ಷಕ್ಕೊಂದು ದಿನ, ಮಣ್ಣೆತ್ತಿನ ಅಮಾವಾಸ್ಯೆಗೆ, ಎರೆ ಎತ್ತಾಗಿ ಜಗುಲಿ ಏರಿ ಪೂಜೆ ಪಡೆಯುತ್ತದೆ ಎಂಬುದನ್ನೂ ಬರೆದುಕೊಳ್ಳಬೇಕು.

ಪ್ರಶ್ನೆ: ಈಗ ನೀರಿನ ಲೆಕ್ಕಕ್ಕೆ ಬರೋಣ. ಆದಾಯ ಎಷ್ಟು, ಖರ್ಚು ಎಷ್ಟು?

ಎರೆಮಣ್ಣು: ಲೆಕ್ಕಪರಿಶೋಧಕರು ಬರದ ಖಾತೆ ಇದೊಂದೇ. ವಿಜಯಪುರದಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ. ಅದರಲ್ಲಿ ದೊಡ್ಡ ಕಂತು ಸೆಪ್ಟೆಂಬರ್‌ನದು. ಬಿಸಿಲು, ಗಾಳಿ ಸೇರಿ ನೆಲದಿಂದ ಕೇಳುವುದು ವರ್ಷಕ್ಕೆ 1500 ಮಿ.ಮೀ.ಗೂ ಮಿಕ್ಕಿದ ನೀರು. ಅಂದರೆ ಬಜೆಟ್ ಹುಟ್ಟಿದಂದಿನಿಂದ ಕೊರತೆಯದೇ. ಮೊದಲ ಮಳೆ ಬಿದ್ದಾಗ ಬಿರುಕುಗಳೆಲ್ಲ ಬಾಯಿ ತೆರೆದಿರುತ್ತವೆ, ಎಷ್ಟು ಸುರಿದರೂ ಒಳಗೆ. ನೋಡಿದವರು ಇದರ ಔದಾರ್ಯಕ್ಕೆ ಬೆರಗಾಗುತ್ತಾರೆ. ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ನೆಲ ಗಂಟೆಗೆ ಒಂದು ಮಿಲಿಮೀಟರ್ ಕೂಡ ಇಂಗಿಸುವುದಿಲ್ಲ. ಉಳಿದದ್ದು ಹಳ್ಳಕ್ಕೆ, ಜತೆಗೆ ಮಣ್ಣೂ.

ಪ್ರಶ್ನೆ: ಅಂದರೆ ಬೇಕಾದಾಗ ಕುಡಿಯುವುದಿಲ್ಲ?

ಎರೆಮಣ್ಣು: ಹೊಟ್ಟೆ ತುಂಬಿದೆ ಎನ್ನುವುದು ಸರಿಯಾದ ಮಾತು. ಒಂದು ಮೀಟರ್ ಆಳದ ಎರೆ ಬೆಳೆಗೆ ದಕ್ಕುವಂಥ ನೀರನ್ನು 150ರಿಂದ 200 ಮಿ.ಮೀ.ವರೆಗೆ ಹಿಡಿದಿಡುತ್ತದೆ. ಸರಿಸುಮಾರು ಅಷ್ಟೇ ನೀರು ಅದರೊಳಗೆ ಇದ್ದೂ ಬೇರಿಗೆ ಸಿಗದಷ್ಟು ಬಿಗಿಯಾಗಿರುತ್ತದೆ. ಬೆಳೆ ಬಾಡಿದ ಹೊಲದ ಮಣ್ಣನ್ನು ಒಲೆಯಲ್ಲಿಟ್ಟು ಒಣಗಿಸಿ ತೂಗಿದರೆ ಆ ಗುಟ್ಟು ಹೊರಬೀಳುತ್ತದೆ. ಈ ಉಳಿತಾಯದ ಬಗ್ಗೆ ಎರೆಮಣ್ಣು ಹೆಚ್ಚು ಮಾತಾಡಬಯಸುವುದಿಲ್ಲ.

ಪ್ರಶ್ನೆ: ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಬಿತ್ತುವ ಪದ್ಧತಿ ಸೋಮಾರಿತನ ಎನ್ನುವವರಿದ್ದಾರೆ.

ಎರೆಮಣ್ಣು: ಹಾಗೆನ್ನುವವರು ಜುಲೈನಲ್ಲಿ ಒಮ್ಮೆ ಕುಂಟಿ ಹಿಡಿದು ಹೊಲಕ್ಕಿಳಿಯಬೇಕು. ನೆನೆದ ಎರೆ ಎತ್ತಿನ ಕಾಲನ್ನೂ ಕುಂಟಿಯ ಕುಡವನ್ನೂ ಬಿಡುವುದಿಲ್ಲ, ಒಣಗಿದ ಎರೆ ನೇಗಿಲಿಗೆ ಬಗ್ಗುವುದಿಲ್ಲ. ಎರಡರ ನಡುವಿನ ಹದ ಕೆಲವೇ ದಿನದ್ದು. ಆದ್ದರಿಂದ ರೈತರು ಮುಂಗಾರಿನ ಮಳೆಯನ್ನು ಮಣ್ಣಿನೊಳಗೆ ಠೇವಣಿ ಇಟ್ಟು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಜೋಳ, ಕಡಲೆ, ಕುಸುಬಿ ಬಿತ್ತುತ್ತಾರೆ. ಲೆಕ್ಕ ಹೀಗಿದೆ: ಠೇವಣಿ 180 ಮಿ.ಮೀ. ಎಂದಿಟ್ಟುಕೊಂಡರೆ, ಮೈತುಂಬಿದ ಬೆಳೆ ದಿನಕ್ಕೆ ಮೂರೂವರೆ ಮಿ.ಮೀ. ಕುಡಿದರೂ ಅದು ಐವತ್ತು ದಿನಕ್ಕೆ ಮುಗಿಯುತ್ತದೆ. ಮಾಲದಂಡಿ ಜೋಳ ಹೊಲದಲ್ಲಿರುವುದು ನಾಲ್ಕು ತಿಂಗಳ ಹತ್ತಿರ. ಎಳೆಯ ಬೆಳೆ ಕುಡಿಯುವುದು ಕಡಿಮೆ ಎಂಬುದರಿಂದಲೂ, ಅಕ್ಟೋಬರ್‌ನಲ್ಲಿ ಒಂದೆರಡು ಮಳೆ ಆದೀತು ಎಂಬ ನಂಬಿಕೆಯಿಂದಲೂ ಉಳಿದ ದಿನ ತುಂಬಬೇಕು. ಗೇಣುದ್ದದ ಮಡ್ಡಿಯಲ್ಲಿ ಠೇವಣಿಯೇ ನಲವತ್ತು ಐವತ್ತು ಮಿ.ಮೀ., ಅಲ್ಲಿ ನಂಬಿಕೆಯೂ ಕೆಲಸಕ್ಕೆ ಬರುವುದಿಲ್ಲ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬರ್ಥದ ಗಾದೆ ಈ ಕಡೆ ಹುಟ್ಟಿದ್ದು ಆಳದ ಎರೆಯನ್ನು ನೋಡಿ.

ಪ್ರಶ್ನೆ: ಬೆಳೆ ನಿಂತಿರುವಾಗಲೇ ನೆಲ ಬಿರಿಯುತ್ತದಲ್ಲ?

ಎರೆಮಣ್ಣು: ಬಿರಿಯುತ್ತದೆ. ಬೇರು ಹರಿಯುತ್ತದೆ, ಬಿರುಕಿನ ಗೋಡೆಗಳಿಂದ ಆಳದ ತೇವವೂ ಆರುತ್ತದೆ. ಅದಕ್ಕೇ ಸಾಲಿನ ನಡುವೆ ಎಡೆಕುಂಟಿ ಹೊಡೆದು ಪುಡಿಮಣ್ಣಿನಿಂದ ಬಿರುಕು ಮುಚ್ಚುವುದು. ಕಳೆ ತೆಗೆಯುವ ಕೆಲಸವೆಂದು ಕೂಲಿ ಲೆಕ್ಕದಲ್ಲಿ ಬರೆಯುವ ಇದು ಅರ್ಧ ನೀರು ಕಾಯುವ ಕೆಲಸ.

ಪ್ರಶ್ನೆ: ಸರ್ಕಾರ ಮಣ್ಣು, ನೀರು ಉಳಿಸಲು ಬದು ಹಾಕಿಸಿದೆ. ಕೃತಜ್ಞತೆ?

ಎರೆಮಣ್ಣು: ಮಸಾರಿಗೆ ಹೊಂದಿದ ಸಮಪಾತಳಿ ಬದುವನ್ನು ಆಳದ ಎರೆಗೂ ಹಾಕಲಾಯಿತು. ಬದು ಆ ಹೊಲದ ಮಣ್ಣಿನದ್ದೇ, ಬೇಸಿಗೆಯಲ್ಲಿ ಬದುವೂ ಬಿರಿಯಿತು. ಮಳೆಯಲ್ಲಿ ಅದರ ಮೇಲ್ಬದಿ ನೀರು ನಿಂತು ಬೆಳೆ ಹಳದಿಯಾಯಿತು, ಇಲ್ಲವೇ ಬದು ಒಡೆದು ಕೆಳಗಿನವರ ಹೊಲ ಕೊರೆಯಿತು. ಕಡತದಲ್ಲಿ ಬದು ಇನ್ನೂ ಗಟ್ಟಿಯಾಗಿದೆ. 1930ರ ದಶಕದಲ್ಲೇ ಬಿಜಾಪುರ, ಹಗರಿ, ರಾಯಚೂರು, ಸೊಲ್ಲಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿತ್ತು. ಹೆಚ್ಚಿನ ನೀರು ಮೆಲ್ಲಗೆ ಹರಿದುಹೋಗುವ ಇಳುಕಲು ಬದು, ಮುಂಗಾರಿನಲ್ಲಿ ಹೊಲವನ್ನು ಸಣ್ಣ ಸಣ್ಣ ಚೌಕುಮಡಿಗಳಾಗಿ ಕಟ್ಟಿ ಬಿದ್ದಲ್ಲೇ ಮಳೆ ಹಿಡಿಯುವ ಕ್ರಮ, ಇವು ಎರೆಯ ಸ್ವಭಾವ ತಿಳಿದವರ ಸಲಹೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅಳೆದಾಗ, ಮಳೆಗಾಲದಲ್ಲಿ ಬರಿದಾಗಿ ಬಿಟ್ಟ ಎರೆಹೊಲದಿಂದ ಮಳೆಯ ಕಾಲು ಭಾಗ ಹರಿದು ಹೋಗುತ್ತಿತ್ತು. ಅದರ ಜತೆ ವರ್ಷಕ್ಕೆ ಹೆಕ್ಟೇರಿಗೆ 6 ಟನ್ನಿಗೂ ಹೆಚ್ಚು ಮಣ್ಣು ಹೋಗುತ್ತಿತ್ತು. ಅಗಲ ಮಡಿ, ಹರಿಗಾಲುವೆ ಮಾಡಿ ಮುಂಗಾರಿನಲ್ಲೂ ಬೆಳೆ ಇಟ್ಟಾಗ ಎರಡೂ ಬಹಳ ಇಳಿದವು.

ಪ್ರಶ್ನೆ: ಕೊರತೆಯ ಬಜೆಟ್ಟಿಗೆ ಕಾಲುವೆ ನೀರು ಪರಿಹಾರವಾಗಲಿಲ್ಲವೇ?

ಎರೆಮಣ್ಣು: ರಾಯಚೂರು, ಕೊಪ್ಪಳದ ಎರೆಯನ್ನು ಕೇಳಬೇಕು. ತುಂಗಭದ್ರಾ ನೀರು 1953ರಿಂದ ಅಲ್ಲಿಗೆ ಬಂತು. ಜೋಳ, ಹತ್ತಿಯಂಥ ಹಗುರ ನೀರಾವರಿಯ ಬೆಳೆಗೆಂದು ಹಾಕಿದ ಲೆಕ್ಕದಲ್ಲಿ ಕಾಲುವೆಯ ತಲೆಭಾಗದವರು ಭತ್ತ ನಾಟಿದರು, ಕೊನೆಭಾಗದವರು ಕಾಲುವೆ ನೋಡುತ್ತ ನಿಂತರು. ಬಸಿಯದ ಮಣ್ಣಿಗೆ ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ಅಂತರ್ಜಲ ಮೇಲೇರುತ್ತದೆ. ಆಳದಲ್ಲಿ ಮಲಗಿದ್ದ ಉಪ್ಪು ಅದರ ಜತೆ ಎದ್ದು ಮೇಲೆ ಬಂದು ಬಿಳಿಯಾಗಿ ಕೂರುತ್ತದೆ. ಜವುಳು, ಸವುಳು ಎರಡೂ ಒಂದೇ ಕಾಲುವೆಯ ಮಕ್ಕಳು. ಈಗ ಗಂಗಾವತಿಯ ಸಂಶೋಧನಾ ಕೇಂದ್ರ ನೆಲದಡಿ ಕೊಳವೆ ಹೂತು ಆ ನೀರನ್ನು ಹೊರಹಾಕುವ ವಿಧಾನ ಹೇಳಿಕೊಡುತ್ತಿದೆ. ತರಲು ಒಂದು ಕಾಲುವೆ, ಕಳಿಸಲು ಇನ್ನೊಂದು. ಎರಡನೆಯದಕ್ಕೆ ಶಿಲಾನ್ಯಾಸ ಮಾಡಲು ಯಾರೂ ಅವಸರ ಪಟ್ಟದ್ದು ಕಂಡಿಲ್ಲ.

ಪ್ರಶ್ನೆ: ಮನೆ, ರಸ್ತೆ ಒಡೆಯುವ ದೂರುಗಳಿವೆ.

ಎರೆಮಣ್ಣು: ಉಬ್ಬುವಾಗ ಎರೆಯ ಒತ್ತಡ ಚದರ ಮೀಟರಿಗೆ 20 ಟನ್ ದಾಟುವುದುಂಟು, ಒಂದಂತಸ್ತಿನ ಮನೆ ಅಷ್ಟು ಭಾರ ಹೊರಿಸುವುದಿಲ್ಲ. ಆದ್ದರಿಂದ ಮನೆಯೇ ಏಳುತ್ತದೆ, ಅದೂ ಒಂದೊಂದು ಮೂಲೆ ಒಂದೊಂದು ಎತ್ತರಕ್ಕೆ. ಋತುವಿನ ಏರಿಳಿತ ಮುಟ್ಟದ ಆಳಕ್ಕೆ ಇಳಿಸಿ ಬುಡ ಅಗಲಿಸಿದ ಕಾಂಕ್ರೀಟ್ ಕಂಬಗಳ ಪದ್ಧತಿಯನ್ನು ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ರೂಪಿಸಿದೆ. ಉಬ್ಬದ ಮಣ್ಣಿನ ಪದರವನ್ನು ನಡುವೆ ಹಾಸುವ ಉಪಾಯವನ್ನು ಐಐಟಿ ಮುಂಬಯಿಯ ಆರ್.ಕೆ. ಕಟ್ಟಿ ಕೊಟ್ಟರು. ಪ್ರತಿವರ್ಷ ಡಾಂಬರು ಹಾಕುವ ಅವಕಾಶ ಇದರಿಂದ ತಪ್ಪುವ ಕಾರಣವೋ ಏನೋ, ಪ್ರಚಾರ ಕಡಿಮೆ.

ಪ್ರಶ್ನೆ: ಕೊನೆಯದಾಗಿ, 2015ರಿಂದ ತಮಗೆ ಆರೋಗ್ಯ ಕಾರ್ಡ್ ಸಿಕ್ಕಿದೆ. ಆರೋಗ್ಯ ಹೇಗಿದೆ?

ಎರೆಮಣ್ಣು: ಕಾರ್ಡಿನಲ್ಲಿ ಹನ್ನೆರಡು ಸಾಲಿವೆ. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕದಿಂದ ಬೋರಾನ್‌ವರೆಗೆ ಒಂಬತ್ತು ಪೋಷಕಾಂಶ. ಮಾದರಿ ತೆಗೆಯುವುದು ಮೇಲಿನ ಗೇಣುದ್ದದಿಂದ. ಯೋಜನೆ ಶುರುವಾದಾಗ ಒಣಬೇಸಾಯದಲ್ಲಿ ಹತ್ತು ಹೆಕ್ಟೇರಿಗೆ ಒಂದು ಮಾದರಿ ಎಂಬ ನಿಯಮವಿತ್ತು, ಅಷ್ಟರಲ್ಲಿ ಮಡ್ಡಿಯೂ ಬರಬಹುದು, ಹಳ್ಳದ ಎರೆಯೂ ಬರಬಹುದು. ಎಷ್ಟು ಆಳ, ಎಷ್ಟು ಜೇಡಿ, ಎಷ್ಟು ನೀರು ಹಿಡಿಯುತ್ತದೆ ಎಂಬ ಸಾಲು ಇಲ್ಲ. ಗೊಬ್ಬರ ಎಷ್ಟು ಹಾಕಬೇಕೆಂದು ಕಾರ್ಡ್ ಹೇಳುತ್ತದೆ, ಆ ಗೊಬ್ಬರ ಕರಗಲು ತೇವ ಉಂಟೋ ಇಲ್ಲವೋ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಪ್ರಶ್ನೆ: ಹದಿಮೂರನೇ ಸಾಲು ಸೇರಿಸಬೇಕೆಂಬ ಬೇಡಿಕೆಯೇ?

ಎರೆಮಣ್ಣು: ಆಳ ಎಂದು ಒಂದು ಸಾಲು ಸಾಕು. ಅದಕ್ಕೆ ಪ್ರಯೋಗಾಲಯ ಬೇಡ, ಟೆಂಡರೂ ಬೇಡ. ಮಳೆಯಾದ ಮೇಲೆ ಕಬ್ಬಿಣದ ಸರಳು ಒತ್ತಿದರೆ ಗರಸು ಎಲ್ಲಿ ತಾಗಿತೆಂದು ತಿಳಿಯುತ್ತದೆ. ಏಪ್ರಿಲ್‌ನಲ್ಲಾದರೆ ಬಿರುಕಿಗೆ ಕೋಲು ಇಳಿಸಿದರೂ ಒಂದು ಅಂದಾಜು ಸಿಗುತ್ತದೆ.