ಗೀಸರಿಗೂ ಒಂದು ಹಬ್ಬ

ಚಳಿದೇಶದವರು ಇಡೀ ಮನೆಯನ್ನೇ ಕಾಯಿಸುತ್ತಾರಂತೆ. ನಾವು ಅಷ್ಟು ದುಂದುಗಾರರಲ್ಲ. ಬಕೆಟ್ಟಿನಲ್ಲಿ ನೀರು ಕಾಯಿಸಿ, ಮನೆಮಂದಿಯನ್ನು ಒಬ್ಬೊಬ್ಬರಾಗಿ ಬೆಚ್ಚಗೆ ಮಾಡಿ ಹೊರಗೆ ಬಿಡುತ್ತೇವೆ. ಬೆಂಗಳೂರಿನ ಉಷ್ಣಾಂಶ ದಾಖಲೆ ಮಟ್ಟಕ್ಕೆ ಇಳಿದದ್ದು 1884ರ ಜನವರಿ 13ರಂದು, 7.8 ಡಿಗ್ರಿಗೆ. ಅಂಥ ಚಳಿಯನ್ನು ಈಗ ಬದುಕಿರುವ ಯಾರೂ ಕಂಡಿಲ್ಲ. ಆದರೂ ಡಿಸೆಂಬರಿನಲ್ಲಿ ಹದಿನೈದಕ್ಕೆ ಇಳಿದರೆ ಸಾಕು, ಮಂಕಿ ಟೋಪಿಗಳು ಹೊರಬರುತ್ತವೆ, ಬಚ್ಚಲಮನೆಯ ಮುಂದೆ ಸರದಿಯ ರಾಜಕೀಯ ಶುರುವಾಗುತ್ತದೆ. ಮೊದಲು ಹೋದವರಿಗೆ ಸುಡುನೀರು, ಕೊನೆಗೆ ಹೋದವರಿಗೆ ವೇದಾಂತ.

ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಈ ಖಾತೆ ದೊಡ್ಡಪ್ಪನ ಕೈಯಲ್ಲಿತ್ತು. ಮಣ್ಣಿನ ಒಲೆಯಲ್ಲಿ ಕಂಠದವರೆಗೆ ಹೂತ ತಾಮ್ರದ ಹಂಡೆ, ಅದರ ಹೊಟ್ಟೆಯಡಿ ಬೆಳಗಿನ ಜಾವಕ್ಕೇ ಬೆಂಕಿ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಕರಟ, ಒಣಗಿದ ಸೋಗೆ, ಹೀಗೆ ತೋಟ ಬೇಡವೆಂದದ್ದನ್ನೆಲ್ಲ ಬಚ್ಚಲೊಲೆ ನುಂಗುತ್ತಿತ್ತು. ಕರಟ ಹಾಕಿದರೆ ನೀರು ಬೇಗ ಕಾಯುತ್ತದೆ, ಹಸಿ ಸೋಗೆ ಹಾಕಿದರೆ ಹೊಗೆ ಬೇಗ ಬರುತ್ತದೆ, ಪೇಟೆಯ ನೆಂಟರನ್ನು ಊದಲು ಕೂರಿಸಿದರೆ ಇದ್ದ ಬೆಂಕಿಯೂ ಆರುತ್ತದೆ ಎಂಬುದು ದೊಡ್ಡಪ್ಪನ ಶಾಖಶಾಸ್ತ್ರ. ಥರ್ಮೋಸ್ಟ್ಯಾಟ್ ಎಂದರೆ ಅವರ ತೋರುಬೆರಳು. ಅದನ್ನು ನೀರಿಗೆ ಅದ್ದಿ 'ಆತು' ಎಂದರೆ ಆತು. ಬಿಸಿನೀರು ಮೊಗೆದವನು ಅಷ್ಟೇ ತಣ್ಣೀರನ್ನು ಹಂಡೆಗೆ ಸುರಿದು ಬರಬೇಕೆಂಬ ಕಾಯಿದೆಯಿತ್ತು. ಬರಿ ಹಂಡೆಗೆ ಉರಿ ತಗುಲಿದರೆ ತಳ ಹೋಗುತ್ತದೆ, ಮತ್ತು ಹೊಸ ಹಂಡೆಯ ಬೆಲೆ ದೊಡ್ಡಪ್ಪನಿಗೆ ಬಾಯಿಪಾಠವಾಗಿತ್ತು.

ಎಂಬತ್ತರ ದಶಕದಲ್ಲಿ ಈ ವ್ಯವಸ್ಥೆಗೆ ಸುಧಾರಣೆ ಬಂತು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ 'ಅಸ್ತ್ರ' ಕೇಂದ್ರದ ಒಲೆ ಊರೂರಿಗೆ ಹಬ್ಬಿ, ನಮ್ಮ ಬಚ್ಚಲಿಗೂ ಕಾಲಿಟ್ಟಿತು. ಚಿಕ್ಕ ಬಾಯಿ, ಒಳಗೊಂದು ಜಾಲರಿ, ಹಿಂದೆ ಹೊಗೆಕೊಳವೆ. ಕಟ್ಟಿಗೆ ಕಡಿಮೆ ಸಾಕು, ಹೊಗೆ ಸೂರಿನಾಚೆ. ಮನೆಯ ಹೆಂಗಸರೆಲ್ಲ ಕೊಂಡಾಡಿದರು, ದೊಡ್ಡಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಹೊಗೆ ಹೊರಗೆ ಹೋದರೆ ಸೊಳ್ಳೆ ಓಡುವುದು ಹೇಗೆ? ಅಟ್ಟದ ಸೌದೆ ಒಣಗುವುದು ಹೇಗೆ? ಎಲ್ಲಕ್ಕಿಂತ ಮಿಗಿಲಾಗಿ, 'ನಾನಿದ್ದೇನೆಂದು ಈ ಮನೆಗೆ ಸ್ನಾನ' ಎಂದು ಕಣ್ಣೊರೆಸಿಕೊಂಡು ಹೇಳುವುದು ಹೇಗೆ?

ಹಂಡೆಗೆ ವರ್ಷಕ್ಕೊಮ್ಮೆ ಸರ್ವಿಸ್ ಆಗುತ್ತಿತ್ತು. ಯಾರೂ ಅದನ್ನು ಹಾಗೆ ಕರೆಯುತ್ತಿರಲಿಲ್ಲ, ನೀರು ತುಂಬುವ ಹಬ್ಬ ಎನ್ನುತ್ತಿದ್ದರು. ನರಕ ಚತುರ್ದಶಿಯ ಹಿಂದಿನ ದಿನ ಹಂಡೆಯನ್ನು ಬರಿದು ಮಾಡಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಲೆಯ ಬೂದಿ ಬಾಚಿ, ಬಿರುಕಿಗೆ ಮಣ್ಣು ಮೆತ್ತಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಸಂಜೆ ಹೊಸ ನೀರು ತುಂಬಿ ಪೂಜೆ. ಭಕ್ತಿಯ ಹೆಸರಿನಲ್ಲಿ ರಿಪೇರಿ ಮುಗಿದುಹೋಗುತ್ತಿತ್ತು. ಸೋಮಾರಿಗಳೂ ಕೈಹಾಕುತ್ತಿದ್ದರು, ಏಕೆಂದರೆ ಮರುದಿನದ ಎಣ್ಣೆಸ್ನಾನ ತಪ್ಪಿದರೆ ಹೋಳಿಗೆಯೂ ತಪ್ಪುತ್ತಿತ್ತು.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಹಂಡೆಯ ಪಟ್ಟಕ್ಕೆ ಏರಿದ್ದು ಕಾಯಿಲ್. 1500 ವ್ಯಾಟಿನ ಸುರುಳಿಯನ್ನು ಬಕೆಟ್ಟಿಗೆ ಇಳಿಬಿಟ್ಟು ಸ್ವಿಚ್ ಒತ್ತಿದರೆ ಆಯಿತು. ತೊಂದರೆಯೆಂದರೆ ಅಮ್ಮನ ಜೊತೆ ದೊಡ್ಡಪ್ಪನ ವಿದ್ಯೆಯೂ ಬಸ್ಸು ಹತ್ತಿ ಬಂದಿತ್ತು. ಕಾದಿದೆಯೇ ನೋಡಲೆಂದು ಆಕೆ ಬೆರಳು ಮುಂದೆ ಚಾಚಿದಾಗ ಅಪ್ಪ ಕೊಟ್ಟ ಕೂಗಿಗೆ ಎದುರುಮನೆಯವರು ಬಾಗಿಲಿಗೆ ಬಂದರು. ಅಂದಿನಿಂದ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಿತ್ತದ್ದನ್ನು ಇನ್ನೊಬ್ಬರಿಗೆ ತೋರಿಸಿ, ಆಮೇಲಷ್ಟೇ ನೀರು ಮುಟ್ಟುವ ಮಡಿ ನಮ್ಮಲ್ಲಿ ಜಾರಿಗೆ ಬಂತು.

ಸ್ವಂತ ಮನೆಯಾದ ಮೇಲೆ ಗೀಸರ್ ಬಂತು. 25 ಲೀಟರಿನ ಬಿಳಿ ಡ್ರಮ್ಮು, ಎರಡು ಕಿಲೋವ್ಯಾಟ್, ಹೊಟ್ಟೆಯ ಮೇಲೆ ನಕ್ಷತ್ರಗಳು. 20 ಡಿಗ್ರಿಯ ಅಷ್ಟೂ ನೀರನ್ನು 60ಕ್ಕೆ ಏರಿಸಲು ಸುಮಾರು 1.2 ಯೂನಿಟ್ ವಿದ್ಯುತ್ತು, ಮುಕ್ಕಾಲು ಗಂಟೆಯೊಳಗೆ ಕೆಲಸ ಪೂರ್ತಿ. ಹೊಗೆಯಿಲ್ಲ, ಬೂದಿಯಿಲ್ಲ, ದೊಡ್ಡಪ್ಪನಿಲ್ಲ. ಏನನ್ನೂ ಬೇಡದ ಯಂತ್ರಕ್ಕೆ ಏನನ್ನೂ ಕೊಡದೆ ಇರುವುದು ಮನುಷ್ಯಸ್ವಭಾವ. ಅದರತ್ತ ಯಾರೂ ತಲೆಯೆತ್ತಿ ನೋಡಲಿಲ್ಲ. ಕೊನೆಗೆ ಅದೇ ಗೊರಗೊರ ಸದ್ದು ಮಾಡಿ ಗಮನ ಸೆಳೆಯಿತು.

ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದ. ಬೋರ್‌ವೆಲ್ ನೀರಿನ ಸುಣ್ಣ ಕಾಯಿಲಿನ ಮೇಲೆ ಬೆರಳುದಪ್ಪ ಹೆಪ್ಪುಗಟ್ಟಿತ್ತು. ಪಕ್ಕದಲ್ಲಿ ತುಕ್ಕಿನ ತಂತಿಯೊಂದು ನೇತಾಡುತ್ತಿತ್ತು. 'ಇದು ಆನೋಡ್ ರಾಡ್ ಸಾರ್, ಮೆಗ್ನೀಸಿಯಮ್ಮು. ಟ್ಯಾಂಕಿಗೆ ಬರೋ ಸವೆತವನ್ನೆಲ್ಲ ತಾನೇ ತಿಂದ್ಕೊಂಡು ಸಾಯುತ್ತೆ' ಎಂದ. ಮನೆಯಲ್ಲಿ ಇಂಥ ತ್ಯಾಗಜೀವಿ ಇದ್ದದ್ದು ಅದು ಸತ್ತ ಮೇಲೆ ನಮಗೆ ತಿಳಿಯಿತು. ನಮ್ಮ ಹಲವು ಹಿರಿಯರ ವಿಷಯದಲ್ಲೂ ಹೀಗೇ ಆಗಿದೆ.

ಆಮೇಲೆ ಅವನ ಮುಖ ಗಂಭೀರವಾಯಿತು. ನೀರು ಕಾದಾಗ ಹಿಗ್ಗುತ್ತದೆ. ಒತ್ತಡ ಮಿತಿ ಮೀರಿದರೆ ಹೊರಬಿಡಲೆಂದು ಗೀಸರಿನ ಬುಡದಲ್ಲೊಂದು ವಾಲ್ವ್ ಇರುತ್ತದೆ, ಆಗಾಗ ಅದು ಹನಿ ಉದುರಿಸುವುದುಂಟು. ಹಿಂದೆ ಬಂದಿದ್ದ ಪ್ಲಂಬರ್ ಆ ಹನಿಯನ್ನು ಸೋರಿಕೆಯೆಂದು ತಿಳಿದು, ಬಿಗಿಯಾಗಿ ಬಿರಡೆ ಜಡಿದು, ಅದಕ್ಕೆ ಕೂಲಿಯನ್ನೂ ತೆಗೆದುಕೊಂಡು ಹೋಗಿದ್ದ. ಥರ್ಮೋಸ್ಟ್ಯಾಟ್ ಕೈಕೊಟ್ಟು, ಅದರ ಹಿಂದೆ ಕಾವಲಿಗಿರುವ ಕಟ್‌ಔಟ್ ಕೂಡ ಮಲಗಿದ್ದರೆ, ಮುಚ್ಚಿದ ಟ್ಯಾಂಕು ಸಿಡಿಯಲು ಬೇರೆ ಕಾರಣ ಬೇಕಿರಲಿಲ್ಲ. ಅರ್ಥಿಂಗ್ ವೈರು ಎಲ್ಲಿಗೆ ಹೋಗುತ್ತದೆಂದು ಹಿಂಬಾಲಿಸಿದರೆ ಅದು ಗೋಡೆಯೊಳಗೆ ಹೊಕ್ಕು ಅಲ್ಲಿಯೇ ಸಮಾಧಿಸ್ಥವಾಗಿತ್ತು. ಮೀಟರ್ ಹಲಗೆಯಲ್ಲಿ ಎಂಸಿಬಿ ಇದೆಯಲ್ಲ ಎಂದೆ. 'ಎಂಸಿಬಿ ವೈರನ್ನ ಉಳಿಸುತ್ತೆ ಸಾರ್. ನಿಮ್ಮನ್ನ ಉಳಿಸೋದಕ್ಕೆ ಆರ್‌ಸಿಸಿಬಿ ಬೇಕು' ಎಂದ. ಹೋದ ಕರೆಂಟಿಗೂ ಬಂದ ಕರೆಂಟಿಗೂ 30 ಮಿಲಿಆಂಪಿಯರ್ ಲೆಕ್ಕ ತಪ್ಪಿದರೆ, ಅದು ಯಾರದೋ ಮೈಮೇಲೆ ಹಾದು ನೆಲಕ್ಕೆ ಹೋಗುತ್ತಿರಬಹುದೆಂದು ಅದು ಕಣ್ಣುಮಿಟುಕಿಸುವುದರೊಳಗೆ ಲೈನ್ ಕತ್ತರಿಸುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಬೇಕು. ನಾನು ಒತ್ತಿದಾಗಲೆಲ್ಲ ಅಮ್ಮನ ಧಾರಾವಾಹಿಯಲ್ಲಿ ಯಾರೋ ಸತ್ಯ ಹೇಳಲು ಬಾಯಿ ತೆರೆದಿರುತ್ತಾರೆ.

ಇದನ್ನೆಲ್ಲ ಕೇಳಿ ಭಾವ ನಕ್ಕರು. ಅವರದು ಸೋಲಾರ್. ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲೇ ಪೇಟೆಂಟ್ ಪಡೆದ ಉಪಾಯದ ಸಂತತಿ ಈಗ ಕೆಂಪೇಗೌಡರ ಊರಿನ ತಾರಸಿಗಳ ಮೇಲೆಲ್ಲ ದಕ್ಷಿಣಕ್ಕೆ ಮುಖಮಾಡಿ ಕೂತಿದೆ. ಕಾದ ನೀರು ಹಗುರವಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪೂ ಬೇಡ. ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಸಿಗುತ್ತಿದ್ದ ಕಾಲದಲ್ಲಿ ಭಾವ ಆ ಬಿಲ್ಲನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಆಷಾಢದಲ್ಲಿ ಮಾತ್ರ ಅವರ ಮನೆಗೆ ಹೋಗಬಾರದು. ಮೋಡ ಕವಿದಾಗ ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲನ್ನು ಗುಟ್ಟಾಗಿ ಹಾಕುತ್ತಾರೆ, ಕೇಳಿದರೆ 'ಇವತ್ತು ಬಿಸಿಲು ಚೆನ್ನಾಗಿತ್ತು' ಎನ್ನುತ್ತಾರೆ. ಮೂರನೆಯ ಮಹಡಿಯಿಂದ ಬಿಸಿನೀರು ಇಳಿದುಬರುವಷ್ಟರಲ್ಲಿ ಒಂದು ಬಕೆಟ್ ತಣ್ಣೀರು ಚರಂಡಿ ಸೇರುತ್ತದೆ. ಗಾಜಿನ ಕೊಳವೆಗಳಲ್ಲೂ ಅದೇ ಬೋರ್‌ವೆಲ್ ಸುಣ್ಣ. ಸೂರ್ಯನಿಗೆ ಸರ್ವಿಸ್ ಬೇಡ, ಪೈಪಿಗೆ ಬೇಕು.

ಗ್ಯಾಸ್ ಗೀಸರ್ ಹಾಕಿಸಿದರೆ ಕ್ಷಣದಲ್ಲಿ ನೀರು ಎಂದು ಯಾರೋ ಹೇಳಿದಾಗ ಮಾತ್ರ ಎಲೆಕ್ಟ್ರಿಷಿಯನ್ ನಗಲಿಲ್ಲ. ಕಿಟಕಿ ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದು ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ತಲೆಸುತ್ತು, ಆಮೇಲೆ ಎಚ್ಚರವೇ ಇರುವುದಿಲ್ಲ. ಒಳಗಿನಿಂದ ಚಿಲಕ ಹಾಕಿದ ಬಾಗಿಲು ಒಡೆದು ನೋಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದಿದ್ದೇವೆ. ಅಂಥ ಗೀಸರ್ ಇರಲೇಬೇಕಾದರೆ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ, ಹೊಗೆಕೊಳವೆಯ ಸಮೇತ ಇರಬೇಕು. 'ಹೊಗೆ ಕಾಣಿಸಿದರೆ ಮನುಷ್ಯ ಎದ್ದು ಓಡುತ್ತಾನೆ. ಕಾಣದ ಹೊಗೆಯ ಮುಂದೆ ಏನು ಮಾಡುತ್ತಾನೆ?' ಎಂದಳು ಅಮ್ಮ. ಅಲ್ಲಿಗೆ ಆ ಪ್ರಸ್ತಾಪ ಮುಗಿಯಿತು.

ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಲು ನೆನಪಿಡುವವರು ಯಾರೆಂಬ ಪ್ರಶ್ನೆಗೂ ಆಕೆಯೇ ಉತ್ತರ ಹುಡುಕಿದಳು. ನೀರು ತುಂಬುವ ಹಬ್ಬದ ದಿನ ಎಲೆಕ್ಟ್ರಿಷಿಯನ್ ಬರತಕ್ಕದ್ದು. ಟ್ಯಾಂಕು ಖಾಲಿ ಮಾಡಿ, ಸುಣ್ಣ ಕೆರೆದು, ಆನೋಡ್ ನೋಡಿ, ವಾಲ್ವಿನ ಕೀಲಿ ಎತ್ತಿ, ಅರ್ಥಿಂಗ್ ಪರೀಕ್ಷಿಸಿ, ಹೊಸ ನೀರು ತುಂಬಿದ ಮೇಲೆಯೇ ಪೂಜೆ. ಆ ದೀಪಾವಳಿಯಲ್ಲಿ ಆತ ಸ್ಟೂಲಿನ ಮೇಲೆ, ಅಮ್ಮ ಕೆಳಗೆ ಮಂಗಳಾರತಿ ಹಿಡಿದು. 'ಸ್ವಲ್ಪ ತಾಳಿ ಅಮ್ಮಾ, ಮೇನ್ ಆಫ್ ಆಗಿದೆಯಾ ನೋಡ್ಕೋತೀನಿ' ಎಂದು ಆತ ದೇವರ ಕೆಲಸಕ್ಕೂ ತಡೆ ಹಾಕಿದ. ಬಿಳಿ ಡ್ರಮ್ಮಿನ ಹಣೆಗೆ ಕುಂಕುಮ ಬಿತ್ತು. ವೈರು, ಪ್ಲಗ್ಗು, ಸ್ವಿಚ್ಚುಗಳ ಕಡೆಗೆ ಅಕ್ಷತೆ ಹಾಕಕೂಡದೆಂದು ಆತ ಖಡಾಖಂಡಿತವಾಗಿ ಹೇಳಿದ್ದರಿಂದ ಅವು ದೂರದ ನಮಸ್ಕಾರಕ್ಕೆ ತೃಪ್ತಿಪಟ್ಟವು.

ಕೆಲಸ ಮುಗಿದ ಮೇಲೆ ಅಮ್ಮ ವೀಳ್ಯದೆಲೆ ಅಡಿಕೆಯ ಮೇಲೆ ನೂರೊಂದು ರೂಪಾಯಿ ಇಟ್ಟು ಕೊಟ್ಟಳು. ಆತ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಜೇಬಿಗಿಳಿಸಿದ.

'ದಕ್ಷಿಣೆ ಆಯ್ತಮ್ಮ,' ಎಂದ. 'ಆನೋಡ್ ರಾಡಿಂದು ಬೇರೆ.'